ಟಾರ್ಚ್ ಬೀಸಿದರೆ ಗೆರೆ ಬರುವುದಿಲ್ಲ, ಗೋಡೆ ಬರುತ್ತದೆ. ಯಾಕೆ?

ಪ್ರಶ್ನೆ: ನಮ್ಮದು ಬಸವನಗುಡಿಯಲ್ಲಿ ಎರಡನೇ ಮಹಡಿಯ ಮನೆ. ಗಾಳಿಯಲ್ಲಿ ಬೆಳಕಿನ ಗೆರೆ ಬರೆಯೋಣ ಅಂತ ರಾತ್ರಿ ಲೈಟ್ ಆರಿಸಿ, ಟಾರ್ಚ್ ಬೀಸುತ್ತಾ 30 ಸೆಕೆಂಡಿನ ಫೋಟೋ ತೆಗೆದೆ. ಗೆರೆ ಮಸುಕು, ಗೋಡೆ ಮಾತ್ರ ಹಗಲಿನ ಹಾಗೆ ಬೆಳ್ಳಗೆ. ಸಮಯ ಇನ್ನೂ ಜಾಸ್ತಿ ಮಾಡಬೇಕಾ?

ಉತ್ತರ: ಬೇಡ, ಕಮ್ಮಿ ಮಾಡಿ. ಎಲ್ಲರೂ ಎಡವುವುದು ಇಲ್ಲೇ.

ಷಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ತೆರೆದಿರುವಷ್ಟು ಹೊತ್ತೂ ಗೋಡೆ ಇದ್ದಲ್ಲೇ ಇರುತ್ತದೆ, ಅಲ್ವಾ? ಅದರ ಬೆಳಕು ಒಂದೇ ಜಾಗಕ್ಕೆ ಬೀಳುತ್ತಲೇ ಇರುತ್ತದೆ. 15ರ ಬದಲು 30 ಸೆಕೆಂಡ್ ಕೊಟ್ಟರೆ ಗೋಡೆಗೆ ಎರಡರಷ್ಟು ಬೆಳಕು. ಟಾರ್ಚ್ ಹಾಗಲ್ಲ. ಒಂದು ಜಾಗದಲ್ಲಿ ಕ್ಷಣ ಇದ್ದು ಮುಂದೆ ಹೋಗಿಬಿಡುತ್ತದೆ. ಆಮೇಲೆ ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಆ ಗೆರೆಗೆ ಹೊಳಪು ಸೇರುವುದಿಲ್ಲ. ಗೆರೆಗೆ ಬೇಕಾದದ್ದು ನಿಧಾನದ ಕೈ, ಜತೆಗೆ ಸರಿಯಾದ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಳತೆ). ಸಮಯದಿಂದ ಬದಲಾಗುವುದು ಹಿನ್ನೆಲೆ ಮಾತ್ರ.

ಐಎಸ್‌ಒ 100, ಅಪರ್ಚರ್ ಎಫ್/8, ಸಮಯ 10 ಸೆಕೆಂಡ್. ಇಲ್ಲಿಂದ ಶುರು ಮಾಡಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, 2 ಸೆಕೆಂಡಿನ ಟೈಮರ್ ಹಾಕಿ. ಲೈಟ್ ಇರುವಾಗಲೇ ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿಡಿ, ಕತ್ತಲಲ್ಲಿ ಅದು ತಡಕಾಡುತ್ತದೆ. ಮೊದಲು ಟಾರ್ಚ್ ಇಲ್ಲದೆ ಸುಮ್ನೆ ಒಂದು ಫೋಟೋ ತೆಗೆಯಿರಿ. ಅದು ಕಪ್ಪಗೆ ಬರಬೇಕು. ಬರಲಿಲ್ಲ ಅಂದರೆ ಕೋಣೆಯೊಳಗೆ ಬೆಳಕು ನುಗ್ಗುತ್ತಿದೆ ಎಂದರ್ಥ. ಬೆಂಗಳೂರಿನಲ್ಲಿ ಇದು ಮಾಮೂಲಿ: ಕಿಟಕಿಗೆ ಬೀದಿದೀಪ, ಎದುರು ಅಪಾರ್ಟ್‌ಮೆಂಟಿನ ಮೆಟ್ಟಿಲ ಲೈಟು. ತೆಳ್ಳನೆ ಪರದೆ ಸಾಲದು, ಕಂಬಳಿ ನೇತುಹಾಕಿ. ನನ್ನ ಮೊದಲ ಫೋಟೋದಲ್ಲಿ ಮೂಲೆಯೆಲ್ಲಾ ಹಸಿರು. ದೆವ್ವವಲ್ಲ, ಇಂಟರ್‌ನೆಟ್ ರೂಟರ್! ಈಗ ಅದರ ಮೇಲೊಂದು ಟವಲ್ ಹಾಕುತ್ತೇನೆ.

ಫೋನಾದರೆ ಸಮಯ, ಐಎಸ್‌ಒ ನಾವೇ ಹೊಂದಿಸುವ ಪ್ರೊ ಮೋಡ್ ಬೇಕು. ನೈಟ್ ಮೋಡ್ ಹಲವು ಫೋಟೋ ಜೋಡಿಸುವ ಬೇರೆಯದೇ ಆಟ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ, ಹಾಗಾಗಿ ಐಎಸ್‌ಒ ತೀರಾ ಕೆಳಗಿಳಿಸಿ. ಗೆರೆ ಸುಟ್ಟಂತೆ ಬೆಳ್ಳಗಾದರೆ ಟಾರ್ಚಿಗೆ ಟಿಶ್ಯೂ ಪೇಪರ್ ಸುತ್ತಿ. ಬಣ್ಣ ಬೇಕೆಂದರೆ ಬಣ್ಣದ ಜಿಲೆಟಿನ್ ಪೇಪರ್. ಸೀರಿಯಲ್ ಲೈಟ್ ಬೀಸಿದರೆ ಗೆರೆ ಚುಕ್ಕಿ ಚುಕ್ಕಿಯಾಗಿ ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್ ತಾನೇ, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 50 ಅಥವಾ 100 ಸಲ ಮಿನುಗುತ್ತವೆ. ನನಗಂತೂ ಆ ಚುಕ್ಕಿಗಳೇ ಇಷ್ಟ.

1949ರಲ್ಲಿ ಛಾಯಾಗ್ರಾಹಕ ಜ್ಯಾನ್ ಮಿಲಿ ಕತ್ತಲ ಕೋಣೆಯಲ್ಲಿ ಪಿಕಾಸೊ ಕೈಗೆ ಸಣ್ಣ ದೀಪ ಕೊಟ್ಟು ಗಾಳಿಯಲ್ಲೇ ಚಿತ್ರ ಬರೆಸಿದ್ದರು. ನಮಗೆ ಚಿತ್ರ ಬರದಿದ್ದರೇನು, ಅಕ್ಷರ ಇದೆ. ಕನ್ನಡದ ದುಂಡಗಿನ ಅಕ್ಷರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ರ’ ಒಂದೇ ಬೀಸಿಗೆ ಮುಗಿಯುತ್ತದೆ. ‘ಅಮ್ಮ’ ಬರೆಯುವಾಗ ತೊಂದರೆ ಕೊಡುವುದು ಒತ್ತಕ್ಷರ. ‘ಮ’ ಮುಗಿದ ತಕ್ಷಣ ಹೆಬ್ಬೆರಳಿನಿಂದ ಟಾರ್ಚ್ ಮುಚ್ಚಿ, ಕೈ ಕೆಳಗಿಳಿಸಿ, ಮತ್ತೆ ತೆರೆಯಬೇಕು. ಮರೆತರೆ ಒತ್ತಿಗೂ ಅಕ್ಷರಕ್ಕೂ ಬಾಲ ಅಂಟಿಕೊಳ್ಳುತ್ತದೆ. ಕಪ್ಪು ಅಂಗಿ ಹಾಕಿ, ಟಾರ್ಚ್ ನಿಮ್ಮ ಮೈಮೇಲೆ ಬೀಳದಂತೆ ಕ್ಯಾಮೆರಾ ಕಡೆಗೇ ಹಿಡಿಯಿರಿ. ಕ್ಯಾಮೆರಾ ಎದುರು ನಿಂತು ಬರೆದದ್ದು ಫೋಟೋದಲ್ಲಿ ಉಲ್ಟಾ ಕಾಣುತ್ತದೆ. ಉಲ್ಟಾ ಬರೆಯಲು ಕಷ್ಟಪಡಬೇಡಿ, ಆಮೇಲೆ ಫೋನಿನಲ್ಲಿ ಎಡಬಲ ತಿರುಗಿಸಿದರಾಯಿತು.