ಲೋಸಿನ್ ಬಂಡೆ ಮತ್ತು ಗಡಿಯರಿಯದ ಅನಿಲ

ಥಾಯ್ಲೆಂಡ್ ಕೊಲ್ಲಿಯಲ್ಲಿ ಲೋಸಿನ್ ಎಂಬ ಪುಟ್ಟ ಬಂಡೆಯಿದೆ. ನೀರಿನಿಂದ ಸುಮಾರು ಒಂದೂವರೆ ಮೀಟರ್ ಎತ್ತರ, ಮೇಲೊಂದು ದೀಪಸ್ತಂಭ, ಜನವಸತಿಯಿಲ್ಲ. ಕಡಲಗಡಿಯನ್ನು ಈ ಬಂಡೆಯಿಂದಲೇ ಅಳೆಯಬೇಕೆಂದು ಥಾಯ್ಲೆಂಡ್, ಅದನ್ನು ಲೆಕ್ಕಕ್ಕೇ ಹಿಡಿಯಬಾರದೆಂದು ಮಲೇಷ್ಯಾ ಪಟ್ಟುಹಿಡಿದವು. ಇಬ್ಬರೂ ಎಳೆದ ಗೆರೆಗಳ ನಡುವೆ 7,250 ಚದರ ಕಿಲೋಮೀಟರ್ ಕಡಲು ಸಿಕ್ಕಿಕೊಂಡಿತು. ಅದರಡಿಯಲ್ಲಿತ್ತು ನೈಸರ್ಗಿಕ ಅನಿಲ.

ನೆಲದಡಿಯ ದೊಡ್ಡ ಗುಹೆಯಲ್ಲಿ ಅನಿಲ ತುಂಬಿಕೊಂಡಿರುತ್ತದೆ ಎಂದು ಹಲವರು ಭಾವಿಸುವುದುಂಟು. ನಿಜಕ್ಕೂ ಅದು ಅಡಗಿರುವುದು ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ, ಭಾರೀ ಒತ್ತಡದಲ್ಲಿ. ಮೇಲಿನ ಜೇಡಿಶಿಲೆ ಮುಚ್ಚಳದಂತೆ ಅದನ್ನು ತಡೆದಿರುತ್ತದೆ. ಬಾವಿ ಕೊರೆದಲ್ಲಿ ಒತ್ತಡ ಇಳಿಯುತ್ತದೆ, ಸುತ್ತಲಿನ ಅನಿಲ ಅತ್ತ ಹರಿಯುತ್ತದೆ. ಪಕ್ಕದ ಹೊಲದವರು ಆಳಕ್ಕೆ ಬೋರ್ ಕೊರೆಸಿದ ಮೇಲೆ ತಮ್ಮ ಬೋರ್ ಬತ್ತಿದ್ದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಪೈಪೋಟಿಗೆ ಬಿದ್ದು ಎಳೆದರೆ ಒತ್ತಡ ಬೇಗ ಕುಸಿಯುತ್ತದೆ, ಕೆಳಗಿನ ನೀರು ಮೇಲೇರಿ ಅನಿಲದ ದಾರಿ ಕಟ್ಟುತ್ತದೆ, ಒಂದಷ್ಟು ಪಾಲು ಯಾರಿಗೂ ದಕ್ಕದೆ ಕಲ್ಲಿನಲ್ಲೇ ಉಳಿಯುತ್ತದೆ.

1979ರಲ್ಲಿ ಚಿಯಾಂಗ್ ಮಾಯ್‌ನಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದ ನನಗೆ ಮೆಚ್ಚುಗೆಯಾಗುವುದು ಇದಕ್ಕೇ. ಗಡಿಯ ತಕರಾರನ್ನು ಬದಿಗಿಟ್ಟು, 50 ವರ್ಷ ಜಂಟಿಯಾಗಿ ತೆಗೆಯುವುದು, ಖರ್ಚು-ಲಾಭ ಸಮಪಾಲು ಎಂದರು. ಕಡಲನ್ನು ಹೋಳು ಮಾಡಲಿಲ್ಲ, ಆದಾಯವನ್ನು ಹಂಚಿಕೊಂಡರು. ಹಾಗೆಂದು ಕೆಲಸ ಸಲೀಸಾಗಿ ಸಾಗಲಿಲ್ಲ. ತೈಲ ಕಂಪನಿಗಳೊಡನೆ ಕರಾರು ಮಾಡಿಕೊಳ್ಳುವ ಪದ್ಧತಿಯೇ ಎರಡು ಕಡೆ ಬೇರೆ. ಜಂಟಿ ಪ್ರಾಧಿಕಾರದ ನಿಯಮಗಳಿಗೆ ಸಹಿ ಬಿದ್ದದ್ದು 1990ರಲ್ಲಿ, ಅನಿಲ ಹರಿದದ್ದು 2005ರಲ್ಲಿ.

ದಡದಲ್ಲಿ ಇನ್ನೊಂದು ಕಥೆ. ಪೈಪು ಥಾಯ್ಲೆಂಡ್‌ನ ಸೊಂಗ್‌ಖ್ಲಾ ಪ್ರಾಂತ್ಯದ ಚಾನಾದಲ್ಲಿ ನೆಲಕ್ಕೇರುತ್ತದೆ. ಅಲ್ಲಿನ ಮೀನುಗಾರರು ಇದನ್ನು ವಿರೋಧಿಸಿದರು. 2002ರ ಡಿಸೆಂಬರ್‌ನಲ್ಲಿ ಹಾಟ್ ಯಾಯ್ ನಗರದಲ್ಲಿ ಪೊಲೀಸರು ಅವರ ಮೇಲೆ ಬಲಪ್ರಯೋಗ ಮಾಡಿದರು. ಎರಡು ಸರ್ಕಾರಗಳು ಸಮಪಾಲು ಹಂಚಿಕೊಂಡ ಲೆಕ್ಕದಲ್ಲಿ ಈ ಮೂರನೆಯವರ ಪಾಲು ಎಷ್ಟೆಂದು ಯಾರೂ ಬರೆದಿರಲಿಲ್ಲ. ಅದು ದೊಡ್ಡ ತಪ್ಪು.

ಆ 50 ವರ್ಷದ ಗಡುವು ಮುಗಿಯುವುದು 2029ಕ್ಕೆ. ಅಷ್ಟರಲ್ಲಿ ಗಡಿ ಇತ್ಯರ್ಥವಾಗದಿದ್ದರೆ ಈಗಿನ ಏರ್ಪಾಡೇ ಮುಂದುವರಿಯಬೇಕೆಂದು 1979ರಲ್ಲೇ ಬರೆದಿಟ್ಟಿದ್ದಾರೆ.