ಮೈಕ್ ಬಂದ್ ಮಾಡುವ ಕೀ ಎಫ್20 ಆದದ್ದು ಹೇಗೆ?

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ, ಒತ್ತಿದ ಕೀಯ ಕೋಡ್ ತೋರಿಸುವ ಇವ್‌ಟೆಸ್ಟ್ ಪ್ರೋಗ್ರಾಮ್ ಓಡಿಸಿ, ಮೈಕ್ ಬಂದ್ ಮಾಡುವ ಕೀ ಒತ್ತಿ. ಎಷ್ಟೋ ಯಂತ್ರಗಳಲ್ಲಿ ಕಾಣುವುದು ಕೋಡ್ 190, ಅಂದರೆ ಎಫ್20. ಕೀಬೋರ್ಡಿನ ಮೇಲೆ ಎಫ್12ರಾಚೆಗೆ ಕೀಯೇ ಇಲ್ಲ. ಈ ಹೆಸರಿನ ಬೇರು ಇರುವುದು 1987ರಲ್ಲಿ.

ಆ ವರ್ಷ ಬಂದ ಎಕ್ಸ್11 ಪ್ರೋಟೊಕಾಲ್ (ಪರದೆ, ಕೀಬೋರ್ಡ್, ಮೌಸ್‌ಗಳನ್ನು ಪ್ರೋಗ್ರಾಮುಗಳಿಗೆ ಜೋಡಿಸುವ ನಿಯಮಾವಳಿ) ಕೀಯ ಸಂಖ್ಯೆಗೆ ಒಂದೇ ಒಂದು ಬೈಟ್ ಕೊಟ್ಟಿತು. ಅದರಲ್ಲೂ 8ರಿಂದ 255ರವರೆಗಿನವು ಮಾತ್ರ ಸಿಂಧು. ಒಬ್ಬ ಬಳಕೆದಾರ, ಒಂದು ಕೀಬೋರ್ಡ್, ಒಂದು ಮೌಸ್ ಎಂಬ ಲೆಕ್ಕಕ್ಕೆ ಅದು ಧಾರಾಳವಾಗಿಯೇ ಇತ್ತು.

ಮುಂದೆ ಲಿನಕ್ಸ್‌ನ ತಿರುಳಾದ ಕರ್ನಲ್, ಕೀಬೋರ್ಡ್, ಮೌಸ್‌ನಂಥ ಎಲ್ಲ ಸಾಧನಗಳಿಗೂ ಇವ್‌ಡೆವ್ ಎಂಬ ಒಂದೇ ಭಾಷೆ ತಂದಿತು. ಪ್ರತಿ ಘಟನೆಗೂ ಸಮಯ, ಬಗೆ, ಕೋಡ್, ಮೌಲ್ಯ ಇಷ್ಟೇ. ಕೀ ಒತ್ತಿದರೆ ಮೌಲ್ಯ 1, ಬಿಟ್ಟರೆ 0, ಹಿಡಿದೇ ಇದ್ದರೆ 2. ಎಕ್ಸ್11 ನಡೆಸುವ ತಂತ್ರಾಂಶವಾದ ಎಕ್ಸ್ ಸರ್ವರಿನ 2007ರ 1.4 ಆವೃತ್ತಿ, ನಡುವೆ ಚುಚ್ಚಿದ ಸಾಧನವನ್ನೂ ತಾನೇ ಗುರುತಿಸತೊಡಗಿತು. 2010ರ 1.8ರಲ್ಲಿ ಆ ಕೆಲಸ, ಲಿನಕ್ಸ್‌ನಲ್ಲಿ ಸಾಧನಗಳ ಮೇಲ್ವಿಚಾರಣೆ ಮಾಡುವ ಯುಡೆವ್‌ಗೆ ಬಂತು. ಸಂರಚನಾ ಕಡತದಲ್ಲಿ ಒಂದೊಂದೇ ಸಾಧನವನ್ನು ಕೈಯಾರೆ ಬರೆಯುವ ಗೋಳು ತಪ್ಪಿದ್ದು ದೊಡ್ಡ ಬಿಡುಗಡೆಯೇ.

ತೊಡಕು ಬಂದದ್ದು ಕೂಡುವ ಲೆಕ್ಕದಲ್ಲಿ. ಎಕ್ಸ್‌ನ ಸಂಖ್ಯೆಗಳು 8ರಿಂದ ಶುರುವಾಗುವುದರಿಂದ ಕರ್ನಲ್ ಕೋಡಿಗೆ 8 ಸೇರಿಸಬೇಕು. ಹಾಗಾಗಿ ಕರ್ನಲ್‌ನ 247ಕ್ಕೆ ದಾರಿ ಮುಗಿಯುತ್ತದೆ. ಮೈಕ್ ಮ್ಯೂಟ್‌ಗೆ (ಮೈಕ್ ಬಂದ್ ಮಾಡುವ ಕೀಗೆ) ಕರ್ನಲ್‌ನಲ್ಲಿ ಸಿಕ್ಕ ಕೋಡ್ 248! ಎಂಟು ಕೂಡಿದರೆ 256. ಒಂದೇ ಒಂದು ಹೆಜ್ಜೆ ಹೆಚ್ಚಾಗಿ ಕೀ ಸರ್ವರಿನಲ್ಲೇ ಬಿದ್ದುಹೋಗುತ್ತದೆ. ಡೆಸ್ಕ್‌ಟಾಪಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಅದಕ್ಕೆ ಕಂಡುಕೊಂಡ ಒಳದಾರಿಯೇ ಎಫ್20. ಯುಡೆವ್‌ನ ಹಾರ್ಡ್‌ವೇರ್ ದತ್ತಾಂಶ ಕಡತ ಆ ಕೀಯ ಸ್ಕ್ಯಾನ್‌ಕೋಡನ್ನು (ಕೀಬೋರ್ಡ್ ತಾನೇ ಕಳಿಸುವ ಕಚ್ಚಾ ಸಂಖ್ಯೆಯನ್ನು) ಎಫ್20 ಎಂದು ಬದಲಿಸುತ್ತದೆ. 190ಕ್ಕೆ 8 ಸೇರಿ 198 ಆಗಿ ಸಲೀಸಾಗಿ ದಾಟುತ್ತದೆ. ಅತ್ತ ಎಕ್ಸ್‌ಕೆಬಿ ಕೀಮ್ಯಾಪ್ (ಯಾವ ಸಂಖ್ಯೆಗೆ ಯಾವ ಅರ್ಥ ಎಂದು ಹೇಳುವ ಎಕ್ಸ್‌ನ ಪಟ್ಟಿ) ಎಫ್20ಕ್ಕೆ ಮೈಕ್ ಮ್ಯೂಟ್ ಎಂಬ ಅರ್ಥ ಕೊಡುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಪ್ರೋಗ್ರಾಮ್ ಮಾಡಬಹುದಾದ ಕೀಬೋರ್ಡಿನಲ್ಲಿ ನಿಜವಾದ ಎಫ್20 ಇಟ್ಟುಕೊಂಡವರ ಮೈಕ್ ಸುಮ್ಮನೆ ಬಂದ್ ಆಗುತ್ತದೆ.

 

ಎಕ್ಸ್‌ನ ಜಾಗಕ್ಕೆ ಬರುತ್ತಿರುವ ಹೊಸ ಪ್ರೋಟೊಕಾಲ್ ವೇಲ್ಯಾಂಡ್‌ನಲ್ಲಿ ಕೀಯ ಸಂಖ್ಯೆ 32 ಬಿಟ್. ಆದರೂ ಕೀಮ್ಯಾಪ್ ಹಳೆಯ ಎಕ್ಸ್‌ಕೆಬಿಯದೇ ಆದ್ದರಿಂದ ಕ್ಲೈಂಟ್, ಅಂದರೆ ಕೀ ಪಡೆಯುವ ಪ್ರೋಗ್ರಾಮ್, ಇವತ್ತಿಗೂ 8 ಕೂಡಿಸಲೇಬೇಕು. ವೇಲ್ಯಾಂಡ್ ಒಳಗೆ ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯುವ ಹಳೆಯ ಎಕ್ಸ್ ಪ್ರೋಗ್ರಾಮುಗಳಿಗಂತೂ 255ರ ಗೋಡೆ ಹಾಗೇ ನಿಂತಿದೆ.

ನಿಮ್ಮ ಯಂತ್ರದಲ್ಲಿ ಯಾವುದಾದರೂ ಕೀ ಸತ್ತಂತಿದ್ದರೆ ಮೊದಲು ಇವ್‌ಟೆಸ್ಟ್‌ನಲ್ಲಿ ಕೋಡ್ ನೋಡಿ. 247ಕ್ಕಿಂತ ಹೆಚ್ಚಿದ್ದು, ಎಕ್ಸ್‌ನಲ್ಲಿ ಮಾತ್ರ ಕೆಲಸ ಮಾಡದಿದ್ದರೆ ಕಾರಣ ಇದೇ. ಅದರ ಸ್ಕ್ಯಾನ್‌ಕೋಡ್ ಗುರುತಿಟ್ಟುಕೊಂಡು, ಹಾರ್ಡ್‌ವೇರ್ ದತ್ತಾಂಶ ಕಡತದಲ್ಲಿ ಬೇರೆ ಕೋಡಿಗೆ ಹೊಂದಿಸಿ. ಆ ಸಾಲಿನ ಮೊದಲಿಗೆ ಒಂದು ಖಾಲಿ ಜಾಗ ಬಿಟ್ಟಿರಬೇಕು. ಮರೆತರೆ ಅದು ಹೊಂದಿಕೆಯ ಸಾಲು ಎಂದು ಓದಲ್ಪಡುವುದೇ ಇಲ್ಲ. ಕಡತ ಉಳಿಸಿದರಷ್ಟೇ ಸಾಲದು, ದತ್ತಾಂಶವನ್ನು ಮತ್ತೆ ಕಟ್ಟಿಸಿ, ಆಮೇಲೆ ಅದು ಸಾಧನಕ್ಕೆ ಅನ್ವಯವಾಗುವಂತೆ ಯುಡೆವ್ ಟ್ರಿಗರ್ ಆದೇಶ ಕೊಡಬೇಕು.