ಅರಳು ಮರಳು: ಅದು ಕಾಯಿಲೆಯ ಹೆಸರಲ್ಲ

ಕಳೆದ ತಿಂಗಳು ಒಂದು ಗೃಹಪ್ರವೇಶದ ಊಟದ ಸಾಲಿನಲ್ಲಿ ಮತ್ತೆ ಕೇಳಿದೆ. ಹಿರಿಯರೊಬ್ಬರು ಪಕ್ಕದವರನ್ನು "ಯಾವೂರು ನಿಮ್ಮದು?" ಅಂತ ನಾಲ್ಕನೇ ಸಲ ವಿಚಾರಿಸಿದರು. ಮಗ ನಕ್ಕು, "ಅರವತ್ತಾಯ್ತಲ್ಲ, ಅರಳು ಮರಳು" ಅಂದ. ಎಲ್ಲರೂ ಪಾಯಸದ ಕಡೆ ತಿರುಗಿದರು. ನನಗೆ ಸಿಟ್ಟು ಬರುವುದು ಇದಕ್ಕೇ. ಈ ಪದ ಬಂದ ಕಡೆ ಮಾತು ಮುಗಿದುಹೋಗುತ್ತದೆ.

ಮೊದಲು ಪದವನ್ನೇ ನೋಡೋಣ. ಇಲ್ಲಿನ 'ಮರಳು' ಹೊಳೆದಂಡೆಯ ಮರಳಲ್ಲ. 'ಮರಳಿ ಬಾ' ಅನ್ನುವ ಮರಳೂ ಅಲ್ಲ. ಅರ್ಥ ನೋಡಿದರೆ ಅದು 'ಮರುಳು' ಪದಕ್ಕೇ ಹತ್ತಿರ. "ಜನ ಮರುಳೋ ಜಾತ್ರೆ ಮರುಳೋ" ಅಂತೀವಲ್ಲ, ಆ ಮರುಳು. ಹಳೆಗನ್ನಡದಲ್ಲಿ ಮರುಳ್ ಅಂದರೆ ಬುದ್ಧಿ ಕೆಟ್ಟ ಸ್ಥಿತಿ. ಪಿಶಾಚಿ ಅನ್ನುವ ಅರ್ಥವೂ ಇತ್ತು. ಹಳೆಯ ಕಾವ್ಯಗಳ ರಣರಂಗದಲ್ಲಿ ಕುಣಿಯುವ ಮರುಳುಗಳು ಇವೇ. ಅಂಥ ಪದವನ್ನು ನಾವು ಮನೆಯ ಹಿರಿಯರಿಗೆ ಅಂಟಿಸುತ್ತಿದ್ದೇವೆ.

ಇನ್ನೊಂದು ವಿವರಣೆ ಮೊಬೈಲಿನಲ್ಲಿ ಓಡಾಡುತ್ತದೆ. ಅರಳು ಮರಳು ಅಂದರೆ ಅರವತ್ತರಲ್ಲಿ ಮತ್ತೆ ಅರಳುವುದು, ಹಿರಿಯರು ಹೇಳಿದ್ದೇ ಹಾಗೆ ಅಂತ. ಚೆಂದದ ಕಲ್ಪನೆ. ಆದರೆ 'ಅರವತ್ತಕ್ಕೆ ಅರಳು ಮರಳು' ಅನ್ನುವ ಗಾದೆಯನ್ನು ಜನ ಹಾಗೆ ಬಳಸಿಲ್ಲ. 'ಅರಳು ಮರಳು' ಬೇಂದ್ರೆಯವರ ಸಂಕಲನದ ಹೆಸರೂ ಹೌದು, 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆ ಹೆಸರಿನಲ್ಲಿ ಮತ್ತೆ ಅರಳುವ ದನಿ ಕೇಳಿಸುತ್ತದೆ, ನಿಜ. ಅದು ಕವಿಯ ಕೈಚಳಕ. ಊಟದ ಸಾಲಿನ ಮಗ ಹೇಳಿದ್ದು ಅದನ್ನಲ್ಲ.

ಇನ್ನು ಆ 'ಅರವತ್ತಕ್ಕೆ'. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಮರೆವು ಮಿತಿಮೀರಿದ್ದ ಆಗಸ್ಟೆ ಡೀಟರ್ ಎಂಬ ಹೆಂಗಸನ್ನು ಕರೆತಂದರು. ಆಕೆಗೆ ಆಗ 51 ವರ್ಷ. ಆಕೆಯನ್ನು ನೋಡಿಕೊಂಡ ಡಾಕ್ಟರ್ ಅಲೋಯಿಸ್ ಅಲ್ಝೈಮರ್, ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ 1906ರಲ್ಲಿ ವರದಿ ಮಂಡಿಸಿದರು. ಕಾಯಿಲೆಗೆ ಅವರ ಹೆಸರು ಬಂದದ್ದು 1910ರಲ್ಲಿ. ಅಂದರೆ ದಾಖಲಾದ ಮೊದಲ ರೋಗಿಗೇ ಅರವತ್ತಾಗಿರಲಿಲ್ಲ. ಇತ್ತ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ತೊಡಕಾಗುವಷ್ಟು ನೆನಪು, ಯೋಚನೆ ಕುಗ್ಗುವ ಸ್ಥಿತಿ, ಇರುವವರು ಶೇಕಡಾ 7.4ರಷ್ಟು ಅನ್ನುತ್ತದೆ 2023ರಲ್ಲಿ ಬಂದ ಅಂದಾಜು. ನೂರರಲ್ಲಿ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಜನಕ್ಕೆ ಇಲ್ಲ. ವಯಸ್ಸಾದರೆ ಬರಲೇಬೇಕು ಅನ್ನುವುದಾದರೆ ಲೆಕ್ಕ ಹೀಗಿರುತ್ತಿತ್ತಾ?

ಡಿಮೆನ್ಷಿಯಾ, ಅಲ್ಝೈಮರ್ ಒಂದೇ ಅಲ್ಲ. ಡಿಮೆನ್ಷಿಯಾ ದೊಡ್ಡ ಕೊಡೆ. ಅದರ ಅಡಿಯಲ್ಲಿ ಅತಿ ಜಾಸ್ತಿ ಕಾಣುವುದು ಅಲ್ಝೈಮರ್. ಇಷ್ಟು ಸಾಕು.

ನಮ್ಮ ದೊಡ್ಡಮ್ಮನ ವಿಷಯದಲ್ಲಿ ನಾವೂ ಎರಡು ವರ್ಷ ಅರಳು ಮರಳು ಅಂತಲೇ ಸುಮ್ನೆ ಇದ್ದೆವು. ಸಾರಿಗೆ ಉಪ್ಪು ಮರೆತರೆ ಅದು ಬರೀ ಮರೆವು, ನನಗೂ ಆಗುತ್ತದೆ. ಆದರೆ ನಲವತ್ತು ವರ್ಷ ಮಾಡಿದ ಸಾರಿಗೆ ಬೇಳೆ ಮೊದಲೋ ಹುಣಸೆಹಣ್ಣು ಮೊದಲೋ ಗೊತ್ತಾಗದೆ ಅವರು ಒಲೆ ಮುಂದೆ ನಿಂತಿದ್ದರು. ಒಗ್ಗರಣೆ ಸೀದು ಹೋಗಿತ್ತು. ಆವತ್ತು ಡಾಕ್ಟರ ಹತ್ತಿರ ಹೋದೆವು. ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಬಿ12 ಕಮ್ಮಿಯಾದರೆ, ಥೈರಾಯ್ಡ್ ಏರುಪೇರಾದರೆ, ಮನಸ್ಸು ಕುಗ್ಗಿದರೆ ಕೂಡ ಮರೆವು ಬರುತ್ತದೆ, ಅವನ್ನು ಸರಿಪಡಿಸಬಹುದು. ಅರಳು ಮರಳು ಅಂತ ಕೂತರೆ ಆ ಪರೀಕ್ಷೆಯೇ ಆಗುವುದಿಲ್ಲ. ದೊಡ್ಡಮ್ಮನಿಗೆ ಇದ್ದದ್ದು ಅಲ್ಝೈಮರ್.

ಕಾಯಿಲೆ ಬಾರದಂತೆ ಖಾತರಿ ಕೊಡುವ ದಾರಿ ಇಲ್ಲ. ಅಪಾಯ ತಗ್ಗಿಸುವ ದಾರಿ ಇದೆ. ಬಿಪಿ, ಶುಗರ್, ಬೀಡಿ ಸಿಗರೇಟು ನಿಮಗೆ ಗೊತ್ತೇ ಇದೆ. ಜನ ಬಿಟ್ಟುಬಿಡುವುದು ಕಿವಿಯನ್ನು. ಕಿವಿ ಮಂದವಾದರೆ ಮನುಷ್ಯ ಮಾತುಕತೆಯಿಂದ ಹಿಂದೆ ಸರಿಯುತ್ತಾನೆ, ಮೆದುಳಿಗೆ ಕೆಲಸ ಕಮ್ಮಿಯಾಗುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ 14 ಅಂಶಗಳಲ್ಲಿ ಕಿವಿ ಮಂದವಾಗುವುದೂ ಇದೆ, ಜನರ ಒಡನಾಟ ಇಲ್ಲದಿರುವುದೂ ಇದೆ. ಅಪ್ಪನಿಗೆ ಕನ್ನಡಕ ಮಾಡಿಸುವ ನಾವು ಶ್ರವಣ ಯಂತ್ರ ಕೊಡಿಸಲು ಯಾಕೆ ಹಿಂಜರಿಯುತ್ತೇವೆ?

ಬಂದವರೆಲ್ಲ ದೊಡ್ಡಮ್ಮನಿಗೆ ಪರೀಕ್ಷೆ ಇಡುತ್ತಾರೆ. "ನಾನ್ಯಾರು ಹೇಳಿ ನೋಡೋಣ?" ದಯವಿಟ್ಟು ಬೇಡ. ಹೆಸರು ಹೊಳೆಯದೆ ಅವರ ಬೆರಳುಗಳು ಸೆರಗನ್ನು ಹಿಂಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಪಕ್ಕದ ಮನೆಯ ಸೊಸೆ ಹಾಗೆ ಮಾಡುವುದಿಲ್ಲ. "ದೊಡ್ಡಮ್ಮ, ನಾನು ಪಕ್ಕದ ಮನೆಯವಳು, ಮಲ್ಲಿಗೆ ತಂದಿದೀನಿ" ಅನ್ನುತ್ತಲೇ ಒಳಗೆ ಬರುತ್ತಾಳೆ. ದೊಡ್ಡಮ್ಮ ಚಾಪೆಯ ಮೇಲೆ ಜಾಗ ಮಾಡಿಕೊಟ್ಟು ಬಾಳೆನಾರು ಕೈಗೆ ತಗೊಳ್ಳುತ್ತಾರೆ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಗಂಟು. ಬೆರಳು ಒಂದು ಸಲವೂ ತಪ್ಪುವುದಿಲ್ಲ.